ನಲವತ್ತು ಲಿಂಬೆಹಣ್ಣು

ಕಲಬುರಗಿಯ ಬ್ರಹ್ಮಪುರದ ನಮ್ಮ ಓಣಿಯ ಬಾಯಲ್ಲಿ ರಸ್ತೆಗೆ ಅಡ್ಡವಾಗಿ ಒಂದು ಉಬ್ಬಿದೆ. ಓಣಿಯ ಮಂದಿ ಅದನ್ನು ‘ಹಂಪ್’ ಎಂದು ಕರೆದು, ದಿನಕ್ಕೆ ನಾಲ್ಕು ಸಲ ಬೈದು, ಐದನೆಯ ಸಲ ಅದರ ಮೇಲೆಯೇ ನಿಂತು ಪರಸ್ಪರ ಕುಶಲ ವಿಚಾರಿಸುತ್ತಾರೆ. ನನಗೆ ಮಾತ್ರ ಅದರ ಮೇಲೆ ವಿಶೇಷ ಗೌರವ. ಕಣ್ಣು ಹಾಯುವಷ್ಟು ದೂರ ತೊಗರಿಯ ಹೊಲಗಳೇ ಹಾಸಿಕೊಂಡಿರುವ ಈ ಸಮತಲ ಸೀಮೆಯಲ್ಲಿ ಹುಟ್ಟಿ, ಇಲ್ಲಿಯೇ ಸರಕಾರಿ ಇಲಾಖೆಯೊಂದರ ಜೀಪು ಓಡಿಸಿಕೊಂಡು ಊರೂರು ತಿರುಗಿ ನಿವೃತ್ತನಾದ ನಾನು, ಅರವತ್ತಮೂರು ವರ್ಷಗಳ ಸುದೀರ್ಘ ಆಯುಷ್ಯದಲ್ಲಿ ಸ್ವಹಸ್ತದಿಂದ ಸ್ಟೇರಿಂಗ್ ಹಿಡಿದು ಆರೋಹಣ ಮಾಡಿದ ಅತ್ಯುನ್ನತ ಶಿಖರ ಅದೇ ಆಗಿತ್ತು. ಓದುಗ ಮಿತ್ರರೇ, ಈ ಸತ್ಯ ಇತ್ತೀಚಿನವರೆಗೆ ನನಗೊಬ್ಬನಿಗೇ ಗೊತ್ತಿತ್ತು.

ನನ್ನ ಹೆಂಡತಿ ಶಾಂತಾಳಿಗೆ ಗೊತ್ತಿದ್ದದ್ದೇ ಬೇರೆ. ಮೂವತ್ತೈದು ವರ್ಷಗಳ ಹಿಂದೆ ಕಮಲಾಪುರದ ಅವಳ ತವರುಮನೆಗೆ ಹೆಣ್ಣು ನೋಡಲು ಹೋಗಿದ್ದೆ. ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದ ಅವಳ ತಂದೆ, ನಗುವುದೇ ಅಪರೂಪವೆನ್ನುವಂಥ ಗಂಭೀರ ಮನುಷ್ಯ, ಮಂಡಕ್ಕಿಯ ಸುಸಲಾದ ತಟ್ಟೆಯನ್ನು ನನ್ನ ಕಡೆ ಸರಿಸುತ್ತ, “ಜೀಪು ನಡಸ್ತೀರಂತ. ಘಾಟಿನ್ಯಾಗೂ ನಡಸೀರೇನ್ರಿ?” ಎಂದು ಕೇಳಿದರು. ಅಲ್ಲಿಯವರೆಗೆ ನಾನು ಘಾಟಿ ಎಂಬುದನ್ನು ಕಂಡದ್ದು ಒಂದೇ ಒಂದು ಸಲ. ತರಬೇತಿಗೆಂದು ಕರಾವಳಿಗೆ ಹೋಗುವಾಗ ಬೇರೆ ಯಾರೋ ನಡೆಸುತ್ತಿದ್ದ ಜೀಪಿನ ಹಿಂಭಾಗದಲ್ಲಿ ಕಣ್ಣು ಮುಚ್ಚಿ ಮಲಗಿ, ಪ್ರತಿ ತಿರುವಿಗೂ ಹೊಟ್ಟೆಯಲ್ಲಿದ್ದದ್ದನ್ನು ಭೂಮಾತೆಗೆ ಸಮರ್ಪಿಸುತ್ತ ಕಂಡದ್ದು, ಅಂದರೆ ಕಂಡದ್ದೂ ಅಲ್ಲ. ಆದರೆ ಪರದೆಯ ಹಿಂದೆ ಬಳೆಗಳ ಸದ್ದು ಕೇಳಿಸಿತಲ್ಲ! “ನಡಸೀನ್ರಿ” ಎಂದೆ. ಅಷ್ಟಕ್ಕೇ ನಾಲಿಗೆ ನಿಲ್ಲಬಾರದೆ? “ಎರಡು ಸಲ” ಎಂದೂ ಸೇರಿಸಿತು. ಆ ಉತ್ತರ ಕೇಳಿಯೇ ತಾನು ಒಪ್ಪಿದ್ದು, ಗುಡ್ಡ ದಾಟಿದ ಮನುಷ್ಯ ತನಗೂ ಒಂದು ದಿನ ಗುಡ್ಡ ತೋರಿಸುತ್ತಾನೆಂಬ ಆಸೆಯಿಂದ, ಎಂದು ಶಾಂತಾ ಲಗ್ನವಾದ ಹದಿನೈದೇ ದಿನಕ್ಕೆ ಹೇಳಿದಳು.

ಆ ದಿನ ಬಾರದಂತೆ ನೋಡಿಕೊಳ್ಳುವುದೇ ನನ್ನ ದಾಂಪತ್ಯದ ಗುಪ್ತ ಉದ್ಯೋಗವಾಯಿತು. ಒಂದು ವರ್ಷ ಮಕ್ಕಳ ಪರೀಕ್ಷೆ, ಒಂದು ವರ್ಷ ತಮ್ಮನ ಲಗ್ನ, ಮತ್ತೊಂದು ವರ್ಷ ಏನೂ ಇಲ್ಲದ್ದಕ್ಕೆ ನನ್ನ ಸೊಂಟನೋವು. ಕಾರಣಗಳ ಕಣಜ ಬರಿದಾಗುವ ಹೊತ್ತಿಗೆ, ಬೀದರಿಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಒಮ್ಮೆ ತಲೆ ಸುತ್ತಿತು. ಹಿಂದಿನ ದಿನ ಜ್ವರ ಬಂದಿತ್ತು, ಅಷ್ಟೆ. ನಾನು ಅದನ್ನೇ ಹಿಡಿದುಕೊಂಡು, “ನಿನಗ ತಿರುವಿನ ದಾರಿ ಆಗಿಬರೂದಿಲ್ಲ” ಎಂದು ತೀರ್ಪು ಕೊಟ್ಟೆ, ನೆಂಟರಿಷ್ಟರಲ್ಲಿ ಪ್ರಚಾರವನ್ನೂ ಮಾಡಿದೆ. ವರ್ಷಗಳು ಕಳೆದಂತೆ ಅವಳೂ ನಂಬಿದಳು. ಗಾಜಿಪುರದ ಶಾಲೆಯಲ್ಲಿ ಟೀಚರಾಗಿದ್ದ ಅವಳು ಪ್ರವಾಸದ ಮಾತು ಬಂದಾಗಲೆಲ್ಲ, “ನನಗ ಘಾಟ್ ಅಂದ್ರ ವಾಂತಿನವ್ವ” ಎಂದು ಹಿಂದೆ ಉಳಿಯುತ್ತಿದ್ದಳು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆ ನಿಮಗೆ ಗೊತ್ತೇ ಇದೆ. ನಮ್ಮ ಮನೆಯಲ್ಲಿ ಮೇಕೆ ಮೊಸರಿನ ರುಚಿಯನ್ನು ವರ್ಣಿಸುವ ಮಟ್ಟಕ್ಕೆ ಬಂದಿತ್ತು. ಇದನ್ನು ಬರೆಯುವಾಗ ನಗು ಬರುತ್ತದೆ, ಆದರೆ ಅವಳು ಹಾಗೆ ಹೇಳುವುದನ್ನು ಕೇಳುವಾಗ ನನಗೆ ನಾಚಿಕೆಯೇ ಆಗುತ್ತಿತ್ತು.

ಈ ವರ್ಷ ಅವಳೂ ನಿವೃತ್ತಳಾದಳು. ಬೀಳ್ಕೊಡುಗೆಯ ಹಾರ ಬಾಡುವ ಮೊದಲೇ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದು, “ಇದ ನೋಡ್ರಿ” ಎಂದಳು. ಒಳಗೆ ಒಲೆ, ಪಲ್ಲಂಗ, ಪಾತ್ರೆ ತೊಳೆಯುವ ಮೋರಿ, ಕಿಟಕಿಗೆ ಹೂವಿನ ಪರದೆ, ಕೆಳಗೆ ನಾಲ್ಕು ಚಕ್ರ. ನಮ್ಮೂರಿನಲ್ಲೇ ಒಬ್ಬರು ಹಳೆಯ ಮಿನಿ ಬಸ್ಸನ್ನು ಹೀಗೆ ಮನೆ ಮಾಡಿ ಬಾಡಿಗೆಗೆ ಕೊಡುತ್ತಾರಂತೆ. “ಕುದುರೆಮುಖಕ್ಕ ಹೋಗೂಣು. ವಾಂತಿ ಬಂದ್ರ ಬರ್ಲಿ, ಪಲ್ಲಂಗ ಅದ, ಮಲಕೋತೀನಿ. ನೀವು ನಡಸ್ಕೊಂಡ ಹೋಗ್ರಿ” ಎಂದಳು. ನಾನು ಅವಳ ಮೇಲೆ ಹೊರಿಸಿದ ರೋಗಕ್ಕೆ ಅವಳೇ ಔಷಧ ಕಂಡುಹಿಡಿದಿದ್ದಳು. ಆ ಔಷಧಕ್ಕೆ ಸ್ಟೇರಿಂಗ್ ಇತ್ತು, ಮತ್ತು ಅದರ ಹಿಂದೆ ನಾನು ಕೂಡಬೇಕಿತ್ತು.

ಅಂದಿನಿಂದ ನನ್ನ ನಿದ್ರೆ ಹೋಯಿತು. ಶಾಂತಾ ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನ ಮೇಲೆ ಸಾಮಾನಿನ ಪಟ್ಟಿ ಬರೆಯತೊಡಗಿದಳು. ಕುದುರೆಮುಖದ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ಗಾಡಿ ನಿಲ್ಲಿಸುವಂತಿಲ್ಲವೆಂದು ತಿಳಿದು, ಕಳಸದ ಬಳಿ ಒಬ್ಬರ ಅಂಗಳದಲ್ಲಿ ನಿಲ್ಲಿಸಲು ಫೋನಿನಲ್ಲೇ ಮಾತಾಡಿ ಮುಗಿಸಿದಳು. ನಾನು ಅಲ್ಲಿಯ ಜಿಗಣೆಗಳ ರಕ್ತದಾಹವನ್ನು ಸವಿಸ್ತಾರವಾಗಿ ವರ್ಣಿಸಿದೆ, ಪಟ್ಟಿಗೆ ಉಪ್ಪಿನ ಪೊಟ್ಟಣ ಸೇರಿತು. ಮಂಜಿನಲ್ಲಿ ದಾರಿಯೇ ಕಾಣದೆಂದೆ, ಎರಡು ಬ್ಯಾಟರಿ ಸೇರಿದವು. ಹೊರಗಿನ ಊಟ ನಮಗೆ ಸೇರದೆಂದೆ, ಕಡಕ ರೊಟ್ಟಿ ಅರವತ್ತು, ನೆಂಚಿಕೊಳ್ಳಲು ಶೇಂಗಾ ಹಿಂಡಿ ಒಂದು ಡಬ್ಬಿ. ನಮ್ಮ ಕಡೆಯವರ ಅಭ್ಯಾಸದಂತೆ, ವರ್ಷಕ್ಕೆ ಆರು ತಿಂಗಳು ಮಳೆ ಸುರಿಯುವ ಸೀಮೆಗೆ ಎರಡು ಕ್ಯಾನು ಕುಡಿಯುವ ನೀರನ್ನೂ ಬರೆದುಕೊಂಡಳು. ನಾನು ಎಬ್ಬಿಸಿದ ಒಂದೊಂದು ಭಯವೂ ಅವಳ ಕೈಯಲ್ಲಿ ಒಂದೊಂದು ಸಾಮಾನಾಗಿ ಚೀಲ ಸೇರುತ್ತಿತ್ತು. ಎಲ್ಲಕ್ಕಿಂತ ಕೆಳಗೆ, ಟೀಚರ ದುಂಡಗಿನ ಅಕ್ಷರದಲ್ಲಿ, ‘ಲಿಂಬೆಹಣ್ಣು ನಲವತ್ತು – ನನಗೆ’ ಎಂದಿತ್ತು. ವಾಂತಿ ಬರುವಂತಾದಾಗ ಮೂಸಿ ನೋಡಲು. ಆ ಸಾಲು ಕಾಣದಂತೆ ನಾನು ಹಾಳೆಯ ತುದಿಯನ್ನು ಮಡಚಿಡುತ್ತಿದ್ದೆ.

ಹೊರಡಲು ಎಂಟು ದಿನ ಉಳಿದಿತ್ತು. ಗಾಡಿಯ ಮಾಲೀಕರು, ಒಂದು ದಿನ ಹತ್ತಿರದ ಊರಿಗೆ ಓಡಿಸಿ ಕೈ ರೂಢಿ ಮಾಡಿಕೊಳ್ಳಿ ಎಂದರು. ನಾನು ಕಮಲಾಪುರವೆಂದೆ, ದಾರಿ ಸಪಾಟು ಎಂಬ ದುರುದ್ದೇಶದಿಂದ. ಶಾಂತಾ ಹಿಗ್ಗಿ ಒಪ್ಪಿದಳು, ತವರುಮನೆ ಎಂಬ ಸದುದ್ದೇಶದಿಂದ. ಅಲ್ಲಿ ಅವಳ ತಮ್ಮ ಶರಣಪ್ಪ ಈಗ ಬಾಳೆಯ ತೋಟ ನೋಡಿಕೊಳ್ಳುತ್ತಾನೆ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಲಾರಿಯಲ್ಲಿ ತೊಗರಿಬೇಳೆ ಹೇರಿಕೊಂಡು ಮಂಗಳೂರಿನವರೆಗೆ ಘಾಟಿ ಹತ್ತಿಳಿದವನು. ಅದು ಗೊತ್ತಿದ್ದೂ ಅವನ ಮನೆಯ ಮುಂದೆ ಗಾಡಿ ನಿಲ್ಲಿಸಿದ ನನ್ನ ಬುದ್ಧಿಗೆ ಏನೆನ್ನಬೇಕು?

ಚಹಾ ಮುಗಿಯುವುದರೊಳಗೆ ಅವನೂ ಏರಿ ನನ್ನ ಪಕ್ಕ ಕುಳಿತ. “ಊರ ದಾಟಿದ ಮ್ಯಾಲ ಕೆಂಪು ದಿಬ್ಬದ ಕಡೆ ಇಳಿಜಾರ ಅದ ಮಾಮಾ. ನಿಮಗ ಅದೇನು ದೊಡ್ಡದಲ್ಲ ಬಿಡ್ರಿ. ಬ್ರೇಕ್ ಹೆಂಗದ ನೋಡಿಬಿಡೂಣು” ಎಂದ. ಹಿಂದೆ ಪಲ್ಲಂಗದ ಮೇಲೆ ಶಾಂತಾ, ಅವಳ ಮಡಿಲಲ್ಲಿ ಅಭ್ಯಾಸಕ್ಕೆಂದು ತಂದ ನಾಲ್ಕು ಲಿಂಬೆಹಣ್ಣು.

ನಮ್ಮ ಸಪಾಟು ಸೀಮೆಯ ಚಾಲಕರಲ್ಲಿ ಒಂದು ಜಾಣತನವಿದೆ. ಎಲ್ಲಿಯಾದರೂ ಅಪ್ಪಿತಪ್ಪಿ ಇಳಿಜಾರು ಸಿಕ್ಕರೆ ಗೇರು ತೆಗೆದು ನ್ಯೂಟ್ರಲ್ ಮಾಡಿ, ಡೀಸೆಲ್ ಉಳಿಯಿತೆಂದು ಸಂತೋಷಪಡುವುದು. ಹೊಲದ ಏರಿಯಿಂದ ಜೀಪು ಇಳಿಸುವಾಗ ಅದು ಸರಿಯೇ. ಇಲ್ಲಿ, ಹೊಟ್ಟೆತುಂಬ ಪಲ್ಲಂಗ, ಒಲೆ, ನೀರಿನ ಟಾಕಿ ಹೊತ್ತ ಗಾಡಿಯನ್ನು ನಾನು ಅದೇ ಜಾಣತನದಿಂದ ಇಳಿಜಾರಿಗೆ ಬಿಟ್ಟೆ. ಮೊದಲು ಸುಖವಾಗಿಯೇ ಹೋಯಿತು. ಆಮೇಲೆ ಡಬ್ಬಿಗಳು ಉರುಳಿದವು. ನಾನು ಬ್ರೇಕಿನ ಮೇಲೆ ನಿಂತೇಬಿಟ್ಟೆ. ಸುಟ್ಟ ರಬ್ಬರಿನ ವಾಸನೆ ಬಂತು, ಕಾಲಡಿಯ ಪೆಡಲು ಮೆತ್ತಗಾಯಿತು, ಎದುರಿನ ತಿರುವಿನಲ್ಲಿ ಒಂದು ಲಾರಿಯ ಮೂತಿ ಕಾಣಿಸಿತು.

“ಮಾಮಾ, ಗೇರ್ ಎಲ್ಲದ?” ಶರಣಪ್ಪ ಕೇಳಿದ. ನಾನು ನ್ಯೂಟ್ರಲ್ಲಿನಲ್ಲಿ ತೂಗಾಡುತ್ತಿದ್ದ ಹಿಡಿಕೆಯನ್ನು ತೋರಿಸಿದೆ.

“ಅಂಜಬ್ಯಾಡ್ರಿ. ಕ್ಲಚ್ ಒತ್ರಿ. ಮೂರನೇದ್ದು ಹಾಕ್ರಿ. ಹಾಂ, ಬಿಡ್ರಿ. ಈಗ ಎರಡನೇದ್ದು. ಎಡಕ್ಕ ತಗೋರಿ, ಎಡಕ್ಕ.” ಹಾಲು ಕರೆಯುವಾಗ ಎಮ್ಮೆಯ ಜೊತೆ ಆಡುವಂಥ ಮೆಲುದನಿ. ಎಂಜಿನು ಒಮ್ಮೆ ಗೋಳಿಟ್ಟು ಗಾಡಿಯನ್ನು ಹಿಡಿದು ಎಳೆಯಿತು. ಲಾರಿ ಪಕ್ಕದಿಂದ ಹಾದುಹೋಯಿತು. ನಾವು ಕೆಂಪು ಮಣ್ಣಿನ ಅಂಚಿನಲ್ಲಿ ನಿಂತೆವು. ನಾನು ಬಾಗಿಲು ತೆರೆದು ಕೆಳಗಿಳಿದು ಮೊಣಕಾಲೂರಿ, ಮೂವತ್ತೈದಕ್ಕೂ ಹೆಚ್ಚು ವರ್ಷಗಳ ನಂತರ ಭೂಮಾತೆಗೆ ಎರಡನೆಯ ಸಮರ್ಪಣೆ ಮಾಡಿದೆ.

ಶಾಂತಾ ಓಡಿಬಂದು ಬೆನ್ನು ಸವರಿ, ತನ್ನ ಲಿಂಬೆಹಣ್ಣೊಂದನ್ನು ನನ್ನ ಮೂಗಿಗೆ ಹಿಡಿದಳು. ಆ ವಾಸನೆಗೆ ನನ್ನ ಜೀವ ತಿರುಗಿ ಬಂತು, ಜೊತೆಗೆ ಸತ್ಯವೂ. ಕುಣಿಯಲಾರದವರು ನೆಲ ಡೊಂಕು ಎನ್ನಬಹುದು. ಮೊಣಕಾಲೂರಿ ಕುಳಿತವನಿಗೆ ಅದೂ ಸಾಧ್ಯವಿಲ್ಲ. ಹೆಣ್ಣು ನೋಡಲು ಬಂದ ದಿನದಿಂದ ಹಿಡಿದು ಬೀದರಿನ ಬಸ್ಸಿನವರೆಗೆ ಎಲ್ಲವನ್ನೂ ಹೇಳಿದೆ. ಶರಣಪ್ಪ ಚಕ್ರದ ಬಿಸಿ ನೋಡುವ ನೆಪದಲ್ಲಿ ಗಾಡಿಯ ಆಚೆ ಬದಿಗೆ ಹೋದ.

ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಲಿಂಬೆಹಣ್ಣನ್ನು ತಿರುಗಿಸಿ ನೋಡಿದಳು. “ಅಂದ್ರ ನನಗ ಏನೂ ಆಗ್ತಿದ್ದಿಲ್ಲ?” ಎಂದಳು. “ಸಾಲಿ ಹುಡುಗರು ಪ್ರತಿ ವರ್ಷ ಕರೀತಿದ್ರು, ಟೀಚರ್ ನೀವೂ ಬರ್ರಿ ಅಂತ. ನನಗಾಗೂದಿಲ್ರಪ್ಪ ಅಂದು, ಗೇಟಿನ ತನಕ ಹೋಗಿ ಕೈ ಬೀಸಿ ಬರ್ತಿದ್ದೆ. ಬಸ್ ಹೋದ ಮ್ಯಾಲ ಖಾಲಿ ವರ್ಗದಾಗ ಕುಂತು ರಜಿಸ್ಟರ್ ಬರೀತಿದ್ದೆ.”

ನನ್ನ ಸುಳ್ಳಿನಿಂದ ಯಾರಿಗೂ ನಷ್ಟವಾಗಿಲ್ಲ, ನನ್ನ ಮರ್ಯಾದೆಯಷ್ಟೇ ಉಳಿದಿದೆ ಎಂದು ನಾನು ಅಷ್ಟು ವರ್ಷ ನಂಬಿದ್ದೆ. ಖಾಲಿ ವರ್ಗದ ಆ ಬೆಂಚುಗಳು ನನಗೆ ಒಮ್ಮೆಯೂ ಕಂಡಿರಲಿಲ್ಲ. ಮಣ್ಣಿನಲ್ಲಿ ಕುಳಿತೇ, “ತಪ್ಪಾತು ಶಾಂತಾ” ಎಂದೆ.

ಅವಳು ಗಾಡಿಯ ಆಚೆ ಬದಿಯಿಂದ ತಮ್ಮನನ್ನು ಕರೆದು, “ನೀ ಬರ್ತೀಯೇನೋ ಶರಣಾ, ನಡಸಾಕ?” ಎಂದು ಕೇಳಿದಳು. ನಾವು ಹೊರಡುವ ವಾರವೇ ಬಾಳೆಗೊನೆ ಕಡಿಯುವುದಿದೆ, ಬರಲಾಗದೆಂದು ಅವನು ಕೈ ಮುಗಿದ. ಪ್ರವಾಸ ಮುಗಿಯಿತೆಂದು ನಾನು ತಿಳಿದೆ. ನಾಚಿಕೆಯ ನಡುವೆಯೂ ಮನಸ್ಸಿನ ಒಂದು ಮೂಲೆ ನೆಮ್ಮದಿಯ ಉಸಿರು ಬಿಟ್ಟಿತೆಂಬುದನ್ನು ನಿಮ್ಮಿಂದ ಯಾಕೆ ಮುಚ್ಚಿಡಲಿ?

“ಹಂಗಾದ್ರ ಇವರಿಗೇ ಕಲಸು” ಎಂದಳು ಶಾಂತಾ. “ಇವತ್ತೇ.”

ಬ್ರೇಕು ತಣ್ಣಗಾಗುವವರೆಗೆ ಕಾದು, ಶರಣಪ್ಪ ಅದನ್ನು ನಾಲ್ಕು ಸಲ ಒತ್ತಿ ನೋಡಿ ತಲೆಯಾಡಿಸಿದ ಮೇಲೆ, ಅವಳು ಸೆರಗು ಸಿಕ್ಕಿಸಿಕೊಂಡು ಮುಂದಿನ ಸೀಟಿಗೆ ಏರಿದಳು. ಅವನು ಹಿಂದಿನ ಪಲ್ಲಂಗಕ್ಕೆ ಹೋದ. “ಯಾವ ಗೇರಿನ್ಯಾಗ ಹತ್ತತೀರಿ, ಅದೇ ಗೇರಿನ್ಯಾಗ ಇಳೀರಿ ಮಾಮಾ. ಇಷ್ಟೇ ವಿದ್ಯಾ” ಎಂದು ಉಪದೇಶವಾಯಿತು. ಆ ದಿಬ್ಬವನ್ನು ನಾನು ಅಂದು ಏಳು ಸಲ ಹತ್ತಿ ಏಳು ಸಲ ಇಳಿದೆ. ಮೊದಲ ಮೂರು ಸಲ ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ನಾಲ್ಕನೆಯ ಇಳಿತದಲ್ಲಿ, ತಿರುವಿನ ನಡುಮಧ್ಯದಲ್ಲಿ, ಶಾಂತಾ ತವರಿನ ಕೆಂಪು ಬಾಳೆಹಣ್ಣು ಸುಲಿದು ನಿಧಾನವಾಗಿ ತಿಂದಳು. ಅವಳಿಗೆ ಒಂದು ತೇಗು ಬಂತು, ಮತ್ತೇನೂ ಬರಲಿಲ್ಲ. ನನ್ನ ವಿರುದ್ಧ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಶರಣಪ್ಪನನ್ನು ಮನೆಗೆ ಬಿಟ್ಟು ಸಂಜೆ ಕಲಬುರಗಿಗೆ ಮರಳುವಾಗ ದಾರಿಯುದ್ದಕ್ಕೂ ಅವಳು ಕಿಟಕಿಯಾಚೆಯ ತೊಗರಿ ಹೊಲಗಳನ್ನೇ ನೋಡುತ್ತಿದ್ದಳು. ಕುದುರೆಮುಖಕ್ಕೆ ಹೋಗುತ್ತೇವೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನಮ್ಮ ಓಣಿಯ ಬಾಯಿ ಬಂತು, ಹಂಪ್ ಕಾಣಿಸಿತು.

“ನಿಂದ್ರಸ್ರಿ” ಎಂದಳು. “ಅದನ್ನ ದಾಟೂಮುಂದ ಬರದ್ರ ಅಕ್ಷರ ಕೆಡ್ತಾವ.”

ಚೀಲದಿಂದ ಪಟ್ಟಿಯನ್ನೂ ಪೆನ್ನನ್ನೂ ತೆಗೆದಳು. ಹಾಳೆಯನ್ನು ತೊಡೆಯ ಮೇಲೆ ಹಾಸಿ, ಕೊನೆಯ ಸಾಲಿನಲ್ಲಿ ‘ನನಗೆ’ ಎಂಬುದನ್ನು ಟೀಚರು ತಪ್ಪು ಲೆಕ್ಕ ಹೊಡೆಯುವಂತೆ ಅಡ್ಡಗೆರೆ ಎಳೆದು ಹೊಡೆದು, ಅದರ ಮುಂದೆ ‘ಇವರಿಗೆ’ ಎಂದು ಬರೆದಳು. ಸ್ವಲ್ಪ ಯೋಚಿಸಿ, ನಲವತ್ತನ್ನು ಅರವತ್ತು ಮಾಡಿದಳು. ಹಾಳೆ ಮಡಚಿ ಚೀಲಕ್ಕೆ ಹಾಕಿದಳು.

“ಹಂ, ಈಗ ನಡೀರಿ” ಎಂದಳು.

ನಾನು ಒಂದನೆಯ ಗೇರು ಹಾಕಿ, ಆ ಪರ್ವತವನ್ನು ಮೆಲ್ಲಗೆ ಹತ್ತಿದೆ. ಅದೇ ಗೇರಿನಲ್ಲಿ ಇಳಿಸಿದೆ.