ದೂರದರ್ಶಕದ ಬೆಟ್ಟಕ್ಕೆ ಒಂದು ಹಣತೆ

ರಜೆ ಮುಗಿಯುವ ಹಿಂದಿನ ದಿನ ನನ್ನ ಗಂಡ ಸಿರುಗುಪ್ಪದ ನನ್ನ ತವರಿನಿಂದ ಅಕ್ಕಿ ಹೊತ್ತುಕೊಂಡು ಕುರುಗೋಡಿಗೆ ಬಂದರು. ಲಡಾಖಿನ ಒಂದು ಮರುಭೂಮಿ ಬೆಟ್ಟದ ಮೇಲೆ, ನಕ್ಷತ್ರ ನೋಡುವ ದೊಡ್ಡ ದೂರದರ್ಶಕಗಳಿರುವ ಕಡೆ, ಅವರು ಜನರೇಟರ್ ಮೆಕ್ಯಾನಿಕ್. ಮೊದಲ ಸಲ ಒಯ್ದ ಅಕ್ಕಿಯನ್ನು ಬರೀ ಪಾತ್ರೆಯಲ್ಲಿ ಬೇಯಲಿಟ್ಟಿದ್ದರು. ಅಷ್ಟು ಎತ್ತರದಲ್ಲಿ ಅದು ಬೇಯಲೇ ಇಲ್ಲ. ಈ ಸಲ ನಾನು ಕುಕ್ಕರ್ ಕಟ್ಟಿಕೊಟ್ಟೆ.

"ಸಿರುಗುಪ್ಪದ ಅಳಿಯಗ ಅನ್ನ ಮಾಡಾಕ ಬರಂಗಿಲ್ಲಂತ ಊರಾಗ ಹೇಳಬ್ಯಾಡ."

"ಆಗ್ಲೇ ಎಲ್ಲಾರಿಗೂ ಹೇಳೀನಿ. ನನ್ನ ಯಾವಾಗ ಕರ್ಕೊಂಡು ಹೋಗ್ತೀರಿ?"

"ಮಾಳಿಗಿ ಹತ್ತಾಕ ಏದುಸಿರು ಬಿಡ್ತಿ. ಅಲ್ಲೇನೈತಿ? ನಮ್ಮ ಕುರುಗೋಡು ಗುಡ್ಡ ಇದ್ದಂಗ ಐತಿ. ಜಾಲಿಗಿಡ ಸೈತ ಇಲ್ಲ."

ಮರುದಿನ ಬಳ್ಳಾರಿಯಲ್ಲಿ ರೈಲು ಹತ್ತಿಸಿ ಬಂದೆ. ತಿಂಗಳೊಳಗೆ ಫೋನ್ ಬಂತು. ಸಂಜೆ ಜನರೇಟರ್ ಕೋಣೆಯಿಂದ ಹೊರಬಂದವರು ಬಾಗಿಲ ಮುಂದೆಯೇ ಕುಸಿದಿದ್ದರು. ಎದೆಬಡಿತ ನಿಂತುಹೋಗಿತ್ತು.

ನಮ್ಮಲ್ಲಿ ಜೀವ ಹೋದ ಜಾಗದಲ್ಲಿ ಮುಸ್ಸಂಜೆಗೆ ದೀಪ ಇಡುತ್ತಾರೆ. ದೇಹ ಕುರುಗೋಡಿಗೆ ಬಂತು, ಮಣ್ಣಾಯಿತು. ದೀಪವನ್ನು ನಡುಮನೆಯಲ್ಲಿ ಇಟ್ಟೆವು. ಅವರ ಜೀವ ಹೋದದ್ದು ಇಲ್ಲಲ್ಲವಲ್ಲ ಎಂಬುದು ನನ್ನನ್ನು ಬಿಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ತಮ್ಮನನ್ನು ಜೊತೆಗೆ ಕರೆದುಕೊಂಡು, ಸೀರೆಯ ಮಡಿಕೆಯಲ್ಲಿ ಹಣತೆ ಸುತ್ತಿಟ್ಟುಕೊಂಡು ಹೊರಟೆ.

ಬೆಟ್ಟ ಅವರು ಹೇಳಿದ ಹಾಗೆಯೇ ಬೋಳಾಗಿತ್ತು. ಬಿಳಿ ಗುಮ್ಮಟಗಳು, ಅವುಗಳ ಹಿಂದೆ ಕಡು ನೀಲಿ ಆಕಾಶ. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಂಡೆ. ಹಗಲಿಡೀ ಗಾಳಿ. ಸಂಜೆ ಅದು ಇಳಿದ ಮೇಲೆ ಅವರು ಬಿದ್ದ ಬಾಗಿಲ ಮುಂದೆ ಹಣತೆಯಿಟ್ಟು, ಎಣ್ಣೆ ಹಾಕಿ, ಕಡ್ಡಿ ತೆಗೆದೆ. ಅವರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಬಳ್ಳಾರಿಯ ಓಣಿಯಲ್ಲಿ ಕಲಿತ ಉರ್ದುವಿನಿಂದ ಅವರ ಮಾತು ತಿಳಿಯಿತು.

"ಭಾಭಿ, ಕತ್ತಲಾದ ಮೇಲೆ ಇಲ್ಲಿ ಹೊರಗೆ ಬೆಳಕು ಮಾಡುವಂತಿಲ್ಲ. ದೂರದರ್ಶಕಕ್ಕೆ ಅಡ್ಡಿಯಾಗುತ್ತದೆ. ಯಾರಾದರೂ ಟಾರ್ಚ್ ಹಾಕಿದರೆ ಎಲ್ಲರಿಗಿಂತ ಮೊದಲು ಬೈಯುತ್ತಿದ್ದವರೇ ಭಾಯಿ."

ಆ ಬೈಗುಳ ಇನ್ನೊಮ್ಮೆ ಕೇಳುವುದಾದರೆ ಟಾರ್ಚ್ ಹಾಕಿಯೇ ಬಿಡೋಣ ಅನಿಸಿತು. ಕಡ್ಡಿಪೆಟ್ಟಿಗೆಯನ್ನು ತಮ್ಮನ ಕೈಗೆ ಕೊಟ್ಟೆ. ನನ್ನ ಗಂಡ ಮಲಗುತ್ತಿದ್ದ ಕೋಣೆಯಲ್ಲಿ, ಕಪ್ಪು ಪರದೆ ಎಳೆದು, ದೀಪ ಹಚ್ಚಿ ಬಂದೆವು.

ಅವರು ಬಿದ್ದ ಜಾಗದಲ್ಲಿ ಇನ್ನೂ ದೀಪ ಇಟ್ಟಿಲ್ಲ.