ಮಂಗಳನ ಧೂಳು ಮತ್ತು ಸೋದರತ್ತೆ

ನನ್ನ ಮಗಳಿಗೆ ಐದು ತಿಂಗಳಾಗುತ್ತ ಬಂದರೂ ಹೆಸರಿಲ್ಲ. ಲಸಿಕೆ ಕಾರ್ಡಿನಲ್ಲಿ ‘ಬೇಬಿ’ ಎಂದಷ್ಟೇ ಇದೆ. ಹೆಸರಿಲ್ಲದ ಮಗು, ಕರೆದರೆ ತಿರುಗಿ ನೋಡುವುದನ್ನು ಹೇಗೆ ಕಲಿಯುತ್ತದೆ? ಬೆಂಗಳೂರಿನಲ್ಲಿ ಓದಿದ ನಾನು ಇದನ್ನು ಫೋನಿನಲ್ಲಿ ಹುಡುಕಿ, ಬಂದ ಉತ್ತರಗಳನ್ನೆಲ್ಲ ಓದಿ ಇನ್ನಷ್ಟು ಹೆದರಿದ್ದೇನೆ.

ಕಾರಣ ನನ್ನ ನಾದಿನಿ ರಾಧಾಮಣಿ. ದೊಡ್ಡೇರಿ ಊರಿನ ನಮ್ಮ ಮನೆಯಲ್ಲಿ ಹೆಸರನ್ನು ಸೋದರತ್ತೆಯೇ ಆರಿಸಬೇಕು, ಅವಳೇ ಮೊದಲು ಮಗುವಿನ ಕಿವಿಯಲ್ಲಿ ಹೇಳಬೇಕು. ಅಲ್ಲಿಯವರೆಗೆ ಅದು ಬೇರೆ ಯಾರಿಗೂ ಗೊತ್ತಾಗುವಂತಿಲ್ಲ. ಇರುವ ಒಬ್ಬಳೇ ಸೋದರತ್ತೆ ಅಹಮದಾಬಾದಿನಲ್ಲಿ ಕುಳಿತು ಮಂಗಳ ಗ್ರಹದ ಗಾಳಿಯನ್ನು ನೋಡುತ್ತಿದ್ದಾಳೆ.

ಚಿಕ್ಕವಳಿದ್ದಾಗ ಕುರಿ ಹಿಂದೆ ಹೋಗುತ್ತಿದ್ದವಳು, ಹೊತ್ತು ಮುಳುಗಿದ ಮೇಲೂ ಬಂಡೆ ಬಿಸಿ ಇರುವುದೇಕೆ ಎಂದು ಮೇಷ್ಟ್ರನ್ನು ಕೇಳಿದಳಂತೆ. ಮುಂದಿನ ಕ್ಲಾಸಿನಲ್ಲಿ ಬರುತ್ತದೆ ಎಂದರು. ಅಲ್ಲೂ ಬರಲಿಲ್ಲ. ಹೀಗೇ ಮುಂದಿನ ಮುಂದಿನ ಕ್ಲಾಸಿಗೆ ಹೋಗಿ ಪಿಎಚ್.ಡಿ. ಮುಗಿಸಿದಳು. ಈಗ ಮಂಗಳವನ್ನು ಸುತ್ತುವ ಉಪಕರಣವೊಂದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹಿಡಿದು ಅಲ್ಲಿನ ಶಾಖವನ್ನು ಅಳೆಯುತ್ತದೆ. ಯಾವ ಎತ್ತರದಲ್ಲಿ ಗಾಳಿ ಎಷ್ಟು ಬಿಸಿ, ಎಷ್ಟು ಧೂಳು ಎಂದು ಅದರಿಂದ ತಿಳಿಯುವುದು, ನಾಳೆ ಎಲ್ಲಿ ನೋಡಬೇಕೆಂದು ಹೇಳುವುದು ಅವಳ ಕೆಲಸ.

ನಾಮಕರಣಕ್ಕೆ ದಿನ ಗೊತ್ತಾದ ವಾರವೇ ಅಲ್ಲಿ ಧೂಳೆದ್ದು ಇಡೀ ಗ್ರಹವನ್ನು ಮುಚ್ಚಿತು. ಇಂಥದ್ದು ಎಷ್ಟೋ ವರ್ಷಕ್ಕೊಮ್ಮೆಯಂತೆ. ಧೂಳು ಬಿಸಿಲನ್ನು ಹೀರಿ ಗಾಳಿಯನ್ನು ಹೇಗೆ ಕಾಯಿಸುತ್ತದೆಂದು ದಿನಾ ನೋಡಬೇಕಂತೆ. ಅತ್ತೆ ಕ್ಯಾತಮ್ಮ ನನ್ನ ಫೋನ್ ತೆಗೆದುಕೊಂಡು ಮಗಳನ್ನು ವಿಚಾರಿಸಿದರು.

“ಅಲ್ಲಿ ಜನ ಅವ್ರೇನೆ?”

“ಇಲ್ಲ ಕಣವ್ವ.”

“ಕುರಿ?”

“ಇಲ್ಲ.”

“ಯಾರೂ ಇಲ್ದಿರೋ ತಾವ ಧೂಳೆದ್ರೆ ಯಾರ್ ಕಣ್ಗೆ ಬೀಳ್ತದೆ?”

“ನನ್ ಕಣ್ಗೆ. ಅತ್ತಿಗೆ ಬಾ ಅನ್ಲಿ, ಎಲ್ಲಾ ಬುಟ್ಟು ಬಂದ್ಬುಡ್ತೀನಿ.”

ಅಲ್ಲಿಗೆ ತೀರ್ಮಾನದ ಹೊರೆ ನನ್ನ ತಲೆಗೆ ಬಂತು. ಬಾ ಎಂದರೆ ಅವಳು ಇಷ್ಟು ವರ್ಷ ಕಾದದ್ದು ಕೈತಪ್ಪುತ್ತದೆ. ಬೇಡವೆಂದರೆ ಧೂಳು ಇಳಿಯುವಷ್ಟರಲ್ಲಿ ಮಗು ಅಂಬೆಗಾಲಿಡುತ್ತದೆ. ಬೇರೆ ಯಾರಾದರೂ ಹೆಸರಿಡಲಿ ಎಂದೆ. “ನನ್ ಮಗ್ಳು ಬದುಕವ್ಳೆ ಕಣಮ್ಮ” ಎಂದು ಅತ್ತೆ ರಾಗಿ ಕೇರತೊಡಗಿದರು. ಧೂಳು ಇಳಿಯಿತೇ ಎಂದು ದಿನಾ ಬೆಳಿಗ್ಗೆ ರಾಧಾಮಣಿಗೆ ಮೆಸೇಜ್ ಮಾಡತೊಡಗಿದೆ.

“ನಮ್ ಮೋಟ್ರು ಕೆಟ್ಟು ನಿಂತೈತೆ, ಅದನ್ ಕೇಳೋರಿಲ್ಲ” ಎಂದರು ನನ್ನ ಗಂಡ ನಟರಾಜು.

ಇವತ್ತು ಲಸಿಕೆಗೆ ಹೋದಾಗ ನರ್ಸ್ “ದೊಡ್ಡೇರಿ ಬೇಬಿ” ಎಂದು ಕೂಗಿದರು. ಮೂವರು ತಾಯಂದಿರು ಎದ್ದೆವು. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಫೋನ್ ಮಾಡಿದೆ.

“ರಾಧಾ, ನೀನು ಬರಬೇಡ. ಹೆಸರನ್ನ ಫೋನಲ್ಲೇ ಹೇಳು.”

“ಅವ್ವ ಒಪ್ತಾಳಾ ಅತ್ತಿಗೆ?”

ಅತ್ತೆ ಪಕ್ಕಕ್ಕೆ ಬಂದು ನಿಂತಿದ್ದರು. ಸ್ಪೀಕರ್ ಒತ್ತಲು ಹೋದ ನನ್ನ ಬೆರಳನ್ನು ಹಿಡಿದರು.

“ಲೇ, ಎಲ್ರುಗೂ ಕೇಳೋ ಅಂಗೆ ಮಾಡ್ಬ್ಯಾಡ. ಮೊದ್ಲು ಮಗೀನ್ ಕಿವೀಗೇ ಬೀಳ್ಬೇಕು.”

ಫೋನನ್ನು ಮಗಳ ಕಿವಿಗಿಟ್ಟೆ. ಅವಳು ಕಣ್ಣರಳಿಸಿ ಕೇಳಿಸಿಕೊಂಡಳು. ನಾನೂ ಅತ್ತೆಯೂ ಅವಳ ಮುಖ ನೋಡುತ್ತ ನಿಂತೆವು.