ಸ್ಕೋರ್ ಪುಸ್ತಕದಲ್ಲಿ ‘ಔಟ್: ಫೋನ್’

ನಾನು ಬ್ಯಾಟು ಹಿಡಿದರೆ ಎದುರಾಳಿಗಳಿಗೂ ಅಯ್ಯೋ ಅನ್ನಿಸುತ್ತಿತ್ತು. ಹಾಗಾಗಿ ತಂಡದವರು ಪೆನ್ನು ಕೊಟ್ಟರು. ಜಪಾನಿನ ಫುನಾಬೊರಿಯ ನದಿದಂಡೆಯಲ್ಲಿ ನಡೆಯುವ ಭಾನುವಾರದ ಕ್ರಿಕೆಟ್ಟಿಗೆ ನಾನು ಸ್ಕೋರರ್. ಎಲ್ಲರ ದನಿ ಅಣಕಿಸುವುದು ಉಚಿತ ಸೇವೆ. ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದವರು ನಮ್ಮ ಓಪನರ್, ಮೈಸೂರಿನ ಅಣ್ಣ. ಆಫೀಸಿನ ಫೋನ್ ಬಂದರೆ ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿ, ಕಾಣದ ಬಾಸ್‌ಗೆ ಸೊಂಟ ಬಗ್ಗಿಸಿ, “ಹಾಯ್, ಹಾಯ್, ಸುಮಿಮಾಸೆನ್” ಎಂದು ಜಪಾನಿಯಲ್ಲಿ ಹೂಂಗುಟ್ಟುತ್ತ, ಕ್ಷಮೆ ಕೇಳುತ್ತ ಬೆಂಚಿಗೆ ಹೋಗಿ ಲ್ಯಾಪ್‌ಟಾಪ್ ತೆರೆಯುತ್ತಿದ್ದರು. ನಾನು ಅವರ ಹೆಸರಿನ ಮುಂದೆ ‘ಔಟ್: ಫೋನ್’ ಎಂದು ಬರೆದು, ಹೋದ ಸಮಯ, ಬಂದ ಸಮಯ ಗುರುತು ಹಾಕುತ್ತಿದ್ದೆ. ಎಷ್ಟೋ ಸಲ ಆಟವೇ ಮುಗಿದರೂ ಅವರು ಬಂದಿರುತ್ತಿರಲಿಲ್ಲ.

“ಏನೋ, ನನ್ ಮಾನ ತೆಗೀತಿದ್ಯಾ?”

“ಇಲ್ಲ ಅಣ್ಣಾ, ನಿಮ್ ಆವರೇಜ್ ತೆಗೀತಿದೀನಿ.”

ಒಂದು ಸೋಮವಾರ ಅಣ್ಣ ಆಫೀಸಿನಲ್ಲೇ ಕುಸಿದು ತೀರಿಕೊಂಡರು. ಹೃದಯಾಘಾತ. ಕೆಲಸದ ಹೊರೆಯಿಂದಾದ ಸಾವೆಂದು ಅವರ ಹೆಂಡತಿ, ನಮ್ಮೆಲ್ಲರ ಅಕ್ಕ, ಪರಿಹಾರಕ್ಕೆ ಅರ್ಜಿ ಹಾಕಿದರು. ಕಾರ್ಮಿಕ ಕಚೇರಿ ಅದನ್ನು ತಳ್ಳಿಹಾಕಿತು. ಕಂಪನಿಯ ದಾಖಲೆಯ ಪ್ರಕಾರ ಭಾನುವಾರಗಳಂದು ಅಣ್ಣ ವಿಶ್ರಾಂತಿಯಲ್ಲಿದ್ದರಂತೆ. ಮೇಲ್ಮನವಿಗೂ ಅದೇ ಉತ್ತರ.

“ಕೆಲಸಕ್ಕೂ ಸಾವಿಗೂ ಸಂಬಂಧ ಇಲ್ಲ ಅನ್ನೋ ಪೇಪರ್‌ನ ನಾಳೆ ಮಗನಿಗೆ ತೋರಿಸ್ಲಾ? ಕೋರ್ಟಿಗೇ ಹೋಗ್ತೀನಿ,” ಎಂದರು ಅಕ್ಕ.

ಸ್ಕೋರ್ ಪುಸ್ತಕ ನೆನಪಾದದ್ದು ಆಗ. ಕೊಡಲು ನಾಚಿಕೆ, ಪುಟಪುಟಕ್ಕೂ ನನ್ನ ಕುಚೇಷ್ಟೆ. ಆದರೂ ಕೊಟ್ಟೆ. ಸಾಕ್ಷಿ ಹೇಳಲೂ ಹೋದೆ.

“ಇದು ತಮಾಷೆಗೆ ಬರೆದದ್ದಲ್ಲವೇ?” ಸರ್ಕಾರದ ವಕೀಲರು ದುಭಾಷಿಯ ಮೂಲಕ ಕೇಳಿದರು.

“ಹೌದು ಸರ್. ತಮಾಷೆ ನಂದು. ಟೈಮ್ ಗಡಿಯಾರದ್ದು.”

ಫೋನಿನಲ್ಲಿ ಅವರು ಹೇಗೆ ಮಾತಾಡುತ್ತಿದ್ದರೆಂದು ನ್ಯಾಯಾಧೀಶರು ಕೇಳಿದರು. ಕಂಕುಳಲ್ಲಿ ಇಲ್ಲದ ಬ್ಯಾಟು ಸಿಕ್ಕಿಸಿ, ಬಗ್ಗಿ, “ಹಾಯ್, ಹಾಯ್, ಸುಮಿಮಾಸೆನ್” ಅಂದೆ. ಯಾರೂ ನಗಲಿಲ್ಲ. ಅಷ್ಟು ಹೆಮ್ಮೆಯ ಮಿಮಿಕ್ರಿ ನಾನು ಮತ್ತೆ ಮಾಡಿಲ್ಲ.

ಆಮೇಲೆ ಅಕ್ಕ ಎದ್ದರು. ಬೀದಿಮೂಲೆಯ ಕೊಂಬಿನಿ ಅಂಗಡಿಯಲ್ಲಿ ಚೀಲ ಬೇಡ ಎನ್ನಲೂ ಮಗನನ್ನು ಮುಂದೆ ಬಿಡುತ್ತಿದ್ದವರು, ದುಭಾಷಿಯನ್ನು ಕೂರಿಸಿ, ತಮ್ಮ ಹೇಳಿಕೆಯನ್ನು ಜಪಾನಿಯಲ್ಲೇ ಓದಿದರು. ಮೈಸೂರಿನ ರಾಗ ಒಂದಿಷ್ಟೂ ಬಿಡದ ಜಪಾನಿ. ಅಣಕಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ತೀರ್ಪು ಬಂತು. ಭಾನುವಾರದ ಕೆಲಸವೂ ಕೆಲಸವೇ ಎಂದು ಒಪ್ಪಿದ ಕೋರ್ಟು ಕಚೇರಿಯ ನಿರ್ಧಾರವನ್ನು ರದ್ದುಮಾಡಿತು. ಹೊರಗೆ ಮೆಟ್ಟಿಲ ಮೇಲೆ ಅಕ್ಕ ತೀರ್ಪಿನ ಕಾಗದವನ್ನು ಮಗನ ಕೈಗೆ ಕೊಟ್ಟು ನನ್ನತ್ತ ತಿರುಗಿದರು.

“ಅವ್ರು ಅಷ್ಟೊಂದು ಬಗ್ತಿರ್ಲಿಲ್ಲ ಕಣೋ.”

“ಬಗ್ತಿದ್ರು ಅಕ್ಕಾ.”

“ಇಲ್ಲ, ಇಷ್ಟೇ,” ಎಂದು, ವ್ಯಾನಿಟಿ ಬ್ಯಾಗನ್ನು ಕಂಕುಳಿಗೆ ಸಿಕ್ಕಿಸಿ ಬಗ್ಗಿ ತೋರಿಸಿದರು. ನನಗಿಂತ ಚೆನ್ನಾಗಿತ್ತು.